ಮಿಕ್ಸ್‌ಡ್ ಡಬಲ್ಸ್ ಗೆದ್ದವರೂ ಚಾಂಪಿಯನ್ನರೇ

ಮಾನ್ಯ ಸಂಪಾದಕರೇ,

2025ರ ನವೆಂಬರ್ 1ರಂದು ಟೆನಿಸ್ ಆಟಗಾರ ರೋಹನ್ ಬೋಪಣ್ಣ ನಿವೃತ್ತಿ ಹೇಳಿದಾಗ ನಿಮ್ಮ ಕ್ರೀಡಾ ಪುಟದಲ್ಲಿ ಚೆನ್ನಾಗಿಯೇ ಬರೆದಿದ್ದಿರಿ. ಕೊಡಗಿನಲ್ಲಿ ಬೆಳೆದ ಹುಡುಗ, 43ನೇ ವಯಸ್ಸಿನಲ್ಲಿ ಮೆಲ್ಬರ್ನ್‌ನಲ್ಲಿ ಪುರುಷರ ಡಬಲ್ಸ್ ಗೆದ್ದಿದ್ದು, ಅದೇ ವಯಸ್ಸಿನಲ್ಲಿ ವಿಶ್ವದ ನಂಬರ್ ಒನ್ ಆಗಿದ್ದು, ಎಲ್ಲಾ ಇತ್ತು. ಆದರೆ ಅವರ ಮೊದಲ ಗ್ರ್ಯಾಂಡ್ ಸ್ಲಾಮ್, ಅಂದರೆ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ ಗೆದ್ದ ಮೊದಲ ಪ್ರಶಸ್ತಿ, ಯಾವುದು? 2017ರ ಫ್ರೆಂಚ್ ಓಪನ್ ಮಿಕ್ಸ್‌ಡ್ ಡಬಲ್ಸ್, ಒಬ್ಬ ಗಂಡಸು ಒಬ್ಬ ಹೆಂಗಸು ಜೋಡಿಯಾಗಿ ಆಡುವ ವಿಭಾಗ. ಅದಕ್ಕೆ ಸಿಕ್ಕಿದ್ದು ಅರ್ಧ ಸಾಲು. ಜೊತೆಗೆ ಆಡಿದವರ ಹೆಸರೂ ಇರಲಿಲ್ಲ, ಬರೀ 'ಕೆನಡಾದ ಜೊತೆಗಾರ್ತಿ' ಅಂತಿತ್ತು. ಅವರ ಹೆಸರು ಗೇಬ್ರಿಯೆಲಾ ಡಬ್ರೋವ್‌ಸ್ಕಿ. ಆ ಫೈನಲ್‌ನಲ್ಲಿ ಮೊದಲ ಸೆಟ್ ಅನ್ನು 2-6ರಲ್ಲಿ ಕಳೆದುಕೊಂಡು, ಎರಡನೆಯದನ್ನು 6-2ರಲ್ಲಿ ಗೆದ್ದು, ಮೂರನೇ ಸೆಟ್ ಬದಲು ಹತ್ತು ಪಾಯಿಂಟ್‌ಗೆ ಆಡುವ ಕೊನೆಯ ಟೈಬ್ರೇಕ್‌ನಲ್ಲಿ ಎದುರಾಳಿಗಳಿಗೆ ಎರಡು ಮ್ಯಾಚ್ ಪಾಯಿಂಟ್ ಇದ್ದಾಗಲೂ ಬಿಡದೆ 12-10ರಲ್ಲಿ ಗೆದ್ದರು. ಗೆದ್ದಿದ್ದು ಇಬ್ಬರು. ಇಬ್ಬರ ಹೆಸರೂ ಬರಬೇಕಲ್ವಾ?

ಇದು ಸಣ್ಣ ವಿಷಯ ಅಂತ ನಿಮಗೆ ಅನಿಸಬಹುದು. ನನಗೆ ಹಾಗೆ ಅನಿಸುವುದಿಲ್ಲ. ಯಾಕೆಂದರೆ ಅದೇ 2025ರ ಆಗಸ್ಟ್‌ನಲ್ಲಿ ಯು.ಎಸ್. ಓಪನ್‌ನವರು ಮಿಕ್ಸ್‌ಡ್ ಡಬಲ್ಸ್‌ಗೆ ಏನು ಮಾಡಿದರು ಅನ್ನುವುದನ್ನು ನಮ್ಮ ಪತ್ರಿಕೆಗಳು ಸರಿಯಾಗಿ ಬರೆಯಲೇ ಇಲ್ಲ. ಸಿಂಗಲ್ಸ್ ತಾರೆಗಳಾದ ಅಲ್ಕರಾಜ್ ಮತ್ತು ಎಮ್ಮಾ ರಾಡುಕಾನು ಒಟ್ಟಿಗೆ ನಿಂತ ಫೋಟೊ ಬಂತು. ಜೊಕೊವಿಚ್ ಆಡುತ್ತಾರೆ ಅನ್ನುವ ಸುದ್ದಿ ಬಂತು. ಅದರ ಹಿಂದೆ ಏನು ನಡೆಯಿತು ಅನ್ನುವುದು ಮಾತ್ರ ಬರಲಿಲ್ಲ.

ನಡೆದಿದ್ದು ಇಷ್ಟು. ಹಿಂದಿನ ವರ್ಷದವರೆಗೆ ಮಿಕ್ಸ್‌ಡ್ ಡಬಲ್ಸ್‌ನಲ್ಲಿ 32 ಜೋಡಿಗಳು ಆಡುತ್ತಿದ್ದವು, ಪಂದ್ಯಗಳು ಮುಖ್ಯ ಟೂರ್ನಿಯ ಎರಡು ವಾರಗಳಲ್ಲೇ ನಡೆಯುತ್ತಿದ್ದವು. 2025ರಲ್ಲಿ ಅದನ್ನು 16 ಜೋಡಿಗೆ ಇಳಿಸಿದರು. ಸಿಂಗಲ್ಸ್ ಶುರುವಾಗುವ ಮುಂಚೆಯೇ, ಆಗಸ್ಟ್ 19 ಮತ್ತು 20ರಂದು, ಎರಡೇ ದಿನದಲ್ಲಿ ಮುಗಿಸಿದರು. ಎಂಟು ಜೋಡಿಗಳನ್ನು ಇಬ್ಬರ ಸಿಂಗಲ್ಸ್ ರ‍್ಯಾಂಕಿಂಗ್ ಕೂಡಿಸಿ ಆರಿಸಿದರು, ಡಬಲ್ಸ್ ರ‍್ಯಾಂಕಿಂಗ್ ಅಲ್ಲ, ಸಿಂಗಲ್ಸ್! ಉಳಿದ ಎಂಟು ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ಯಾರನ್ನು ಕರೆಯುತ್ತಾರೋ ಅವರು. ಫೈನಲ್ ಬಿಟ್ಟರೆ ಮಿಕ್ಕ ಪಂದ್ಯಗಳಲ್ಲಿ ಸೆಟ್‌ಗೆ ಆರು ಗೇಮ್ ಬದಲು ನಾಲ್ಕೇ ಗೇಮ್. ಡ್ಯೂಸ್, ಅಂದರೆ 40-40 ಸಮ ಆದರೆ ಅಡ್ವಾಂಟೇಜ್ ಇಲ್ಲ, ಒಂದೇ ಪಾಯಿಂಟ್‌ಗೆ ತೀರ್ಮಾನ. ಗೆದ್ದ ಜೋಡಿಗೆ 10 ಲಕ್ಷ ಡಾಲರ್, ಹಿಂದಿನ ವರ್ಷ ಇದ್ದದ್ದು 2 ಲಕ್ಷ. ಇಷ್ಟೆಲ್ಲಾ ಬದಲಾಯಿಸಿದ ಮೇಲೂ ಅದನ್ನು ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಅಂತಲೇ ಲೆಕ್ಕಕ್ಕೆ ಹಿಡಿದರು.

ರಣಜಿ ಟ್ರೋಫಿಯನ್ನು ಎರಡು ದಿನಕ್ಕೆ ಇಳಿಸಿ, ಹತ್ತತ್ತು ಓವರ್ ಆಡಿಸಿ, ಐಪಿಎಲ್ ತಾರೆಗಳನ್ನಷ್ಟೇ ಕರೆದು, ಗೆದ್ದವರನ್ನು ರಣಜಿ ಚಾಂಪಿಯನ್ ಅಂದರೆ ಕರ್ನಾಟಕದಲ್ಲಿ ಯಾರಾದರೂ ಸುಮ್ಮನಿರುತ್ತಾರಾ? ನಿಮ್ಮ ಪತ್ರಿಕೆಯೇ ಮುಖಪುಟದಲ್ಲಿ ಬರೆಯುತ್ತಿತ್ತು.

ಟೆನಿಸ್‌ನಲ್ಲಿ ನಮ್ಮ ದೇಶದ ಚರಿತ್ರೆ ಗೊತ್ತಿದ್ದವರಿಗೆ ಇದು ದೂರದ ನ್ಯೂಯಾರ್ಕ್‌ನ ವಿಷಯ ಅಂತ ಅನಿಸುವುದಿಲ್ಲ. ಸೀನಿಯರ್ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಒಂದೂ ಗ್ರ್ಯಾಂಡ್ ಸ್ಲಾಮ್ ಇಲ್ಲ. ಇರುವುದೆಲ್ಲಾ ಡಬಲ್ಸ್, ಅದರಲ್ಲೂ ಮಿಕ್ಸ್‌ಡ್. ಮೊಟ್ಟಮೊದಲ ಪ್ರಶಸ್ತಿಯೇ ಮಿಕ್ಸ್‌ಡ್‌ನದು, 1997ರ ಫ್ರೆಂಚ್ ಓಪನ್, ಮಹೇಶ್ ಭೂಪತಿ ಜಪಾನ್‌ನ ರಿಕಾ ಹಿರಾಕಿ ಜೊತೆ ಗೆದ್ದಿದ್ದು. ಹಿರಾಕಿ ಅನ್ನುವ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಲಿಯಾಂಡರ್ ಪೇಸ್ ಅವರ 18 ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ 10 ಮಿಕ್ಸ್‌ಡ್‌ನಲ್ಲಿ ಬಂದವು. ಭೂಪತಿಯ 12ರಲ್ಲಿ 8, ಸಾನಿಯಾ ಮಿರ್ಜಾ ಅವರ 6ರಲ್ಲಿ 3, ಬೋಪಣ್ಣನವರ 2ರಲ್ಲಿ 1. ಪೇಸ್ 2003ರಲ್ಲಿ ಮಾರ್ಟಿನಾ ನವ್ರಾಟಿಲೋವಾ ಜೊತೆ ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. 2015ರಲ್ಲಿ ಮಾರ್ಟಿನಾ ಹಿಂಗಿಸ್ ಜೊತೆ ಒಂದೇ ವರ್ಷದಲ್ಲಿ ಮೂರು. ಸಾನಿಯಾ 2014ರಲ್ಲಿ ಇದೇ ನ್ಯೂಯಾರ್ಕ್‌ನಲ್ಲಿ ಬ್ರೆಜಿಲ್‌ನ ಬ್ರೂನೊ ಸೋರೆಸ್ ಜೊತೆ ಗೆದ್ದಾಗ ಸ್ಕೋರ್ 6-1, 2-6, 11-9. ಒಂದು ಸೆಟ್ ಸುಲಭವಾಗಿ ಗೆದ್ದು, ಇನ್ನೊಂದರಲ್ಲಿ ಪೂರ್ತಿ ಮುಗ್ಗರಿಸಿ, ಕೊನೆಗೆ ಎರಡು ಪಾಯಿಂಟ್ ಅಂತರದಲ್ಲಿ ಟ್ರೋಫಿ. ನಾಲ್ಕು ಗೇಮ್‌ನ ಸೆಟ್‌ನಲ್ಲಿ ಇಂಥ ಏರಿಳಿತಕ್ಕೆ ಜಾಗ ಎಲ್ಲಿದೆ? ಒಂದು ಸರ್ವಿಸ್ ಗೇಮ್ ಹೋಯಿತು ಅಂದರೆ ಸೆಟ್ಟೇ ಹೋದ ಹಾಗೆ.

ಮಿಕ್ಸ್‌ಡ್ ಡಬಲ್ಸ್ ಅಂದರೆ ಸಿಂಗಲ್ಸ್ ಚೆನ್ನಾಗಿ ಆಡುವ ಒಬ್ಬ ಗಂಡಸು, ಸಿಂಗಲ್ಸ್ ಚೆನ್ನಾಗಿ ಆಡುವ ಒಬ್ಬ ಹೆಂಗಸು ಸೇರಿದರೆ ಆಗಿಹೋಗುವ ಆಟ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅದು ಬೇರೆಯೇ ವಿದ್ಯೆ. ನೆಟ್ ಬಳಿ ನಿಂತವರು ಯಾವ ಕ್ಷಣದಲ್ಲಿ ಅಡ್ಡ ನುಗ್ಗಬೇಕು, ಯಾವಾಗ ನುಗ್ಗುವ ಹಾಗೆ ಮಾಡಿ ಅಲ್ಲೇ ನಿಲ್ಲಬೇಕು, ತಲೆ ಮೇಲಿಂದ ಎತ್ತಿ ಹೊಡೆದ ಲಾಬ್ ಬಂದರೆ ಯಾರು ಹಿಂದೆ ಓಡಬೇಕು, ಗಂಡಸಿನ ಜೋರು ಸರ್ವ್ ಅನ್ನು ಹೆಂಗಸು ಎಲ್ಲಿಗೆ ಹಿಂದಿರುಗಿಸಿದರೆ ಮುಂದಿನ ಹೊಡೆತ ತನ್ನ ಜೊತೆಗಾರನಿಗೆ ಸಿಗುತ್ತದೆ, ಇದೆಲ್ಲಾ ವರ್ಷಗಟ್ಟಲೆ ಆಡಿ ಬರುವುದು. ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನವಾಗುವಾಗ ಗಂಡಸು ಸರ್ವ್ ಮಾಡಿದರೆ ಗಂಡಸೇ, ಹೆಂಗಸು ಸರ್ವ್ ಮಾಡಿದರೆ ಹೆಂಗಸೇ ಎದುರಿಸಬೇಕು ಅನ್ನುವ ನಿಯಮವೂ ಇದೆ. ನೋಡಲು ಎಷ್ಟು ಚೆಂದದ ಆಟ ಇದು! ದೊಡ್ಡ ಟೂರ್ನಿಗಳಲ್ಲಿ ಗಂಡಸು ಹೆಂಗಸು ಒಂದೇ ಅಂಗಳದಲ್ಲಿ, ಒಂದೇ ಪ್ರಶಸ್ತಿಗೆ, ಒಂದೇ ಸ್ಕೋರಿಗೆ ಆಡುವ ಆಟ ಬೇರೆ ಎಷ್ಟಿವೆ ಹೇಳಿ.

ಈಗ 2025ರ ಆ ಎರಡು ದಿನ ನೋಡಿ. ಅಲ್ಕರಾಜ್–ರಾಡುಕಾನು ಮೊದಲ ಪಂದ್ಯದಲ್ಲೇ ಸೋತರು. ಜೊಕೊವಿಚ್ ಮತ್ತು ಓಲ್ಗಾ ಡಾನಿಲೊವಿಚ್ ಕೂಡ ಮೊದಲ ಪಂದ್ಯದಲ್ಲೇ ಹೊರಗೆ. ಕೊನೆಗೆ ಟ್ರೋಫಿ ಎತ್ತಿದ್ದು ಇಟಲಿಯ ಸಾರಾ ಎರಾನಿ ಮತ್ತು ಆಂಡ್ರಿಯಾ ವವಾಸೊರಿ. ಇವರೇ 2024ರಲ್ಲೂ ಅಲ್ಲಿ ಗೆದ್ದವರು, 2025ರ ಫ್ರೆಂಚ್ ಓಪನ್ ಮಿಕ್ಸ್‌ಡ್ ಗೆದ್ದವರೂ ಇವರೇ. ಹಾಲಿ ಚಾಂಪಿಯನ್ನರಾಗಿದ್ದರೂ ರ‍್ಯಾಂಕಿಂಗ್ ಲೆಕ್ಕದಲ್ಲಿ ಜಾಗ ಸಿಗದೆ ವೈಲ್ಡ್ ಕಾರ್ಡ್ ಮೇಲೆ ಆಡಬೇಕಾಯಿತು. ಫೈನಲ್‌ನಲ್ಲಿ ಇಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು 6-3, 5-7, 10-6ರಲ್ಲಿ ಸೋಲಿಸಿದರು. ಎರಾನಿಗೆ ಆಗ 38 ವರ್ಷ. ಅವರ ಎತ್ತರ 164 ಸೆಂಟಿಮೀಟರ್ ಅಷ್ಟೇ, ಸರ್ವ್ ಕೂಡ ಬಹಳ ನಿಧಾನ. ಆದರೂ ಎದುರಿಗಿದ್ದ ದೊಡ್ಡ ದೊಡ್ಡ ಹೆಸರುಗಳಿಗೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಆಡಿದರು. ಈ ಪದ್ಧತಿ ಪ್ರಕಟವಾದಾಗಲೇ ಇವರಿಬ್ಬರೂ ಇದು ಡಬಲ್ಸ್ ಆಟಗಾರರಿಗೆ ಮಾಡಿದ ಅನ್ಯಾಯ ಅಂತ ಬಹಿರಂಗವಾಗಿ ಹೇಳಿದ್ದರು. ಗೆದ್ದ ಮೇಲೂ, ಆಡಲು ಅವಕಾಶ ಸಿಗದ ಡಬಲ್ಸ್ ಆಟಗಾರರನ್ನು ನೆನೆದರು. ನನಗೆ ಆ ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ಇಷ್ಟವಾದ ಗಳಿಗೆ ಅದು.

ಇನ್ನೊಂದು ಸಂಗತಿ ಕೇಳಿ. ಜೆಕ್ ದೇಶದ ಕಟೆರಿನಾ ಸಿನಿಯಾಕೊವಾ ಡಬಲ್ಸ್‌ನಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬರು, 2025ರ ವಿಂಬಲ್ಡನ್ ಮಿಕ್ಸ್‌ಡ್ ಡಬಲ್ಸ್ ಅನ್ನು ಸೆಮ್ ವರ್ಬೀಕ್ ಜೊತೆ ಗೆದ್ದವರು. ನ್ಯೂಯಾರ್ಕ್‌ನಲ್ಲಿ ಸಿಂಗಲ್ಸ್ ತಾರೆ ಸಿನ್ನರ್ ಜೊತೆ ಆಡಬೇಕಿತ್ತು. ಸಿನ್ನರ್‌ಗೆ ಹುಷಾರಿಲ್ಲದೆ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರು, ಇವರ ಅವಕಾಶವೂ ಹೋಯಿತು. ವಿಂಬಲ್ಡನ್ ಮಿಕ್ಸ್‌ಡ್ ಗೆದ್ದು ಎರಡು ತಿಂಗಳೂ ಆಗಿರದ ಆಟಗಾರ್ತಿ ಯು.ಎಸ್. ಓಪನ್ ಮಿಕ್ಸ್‌ಡ್‌ನಲ್ಲಿ ಇಲ್ಲ ಅಂದರೆ ಅದು ಯಾವ ಚಾಂಪಿಯನ್‌ಶಿಪ್?

ನಮ್ಮವರ ಕಥೆಗೆ ಬರುತ್ತೇನೆ. 2024ರಲ್ಲಿ ಬೋಪಣ್ಣ ಇಂಡೊನೇಷ್ಯಾದ ಅಲ್ದಿಲಾ ಸುತ್ಜಿಯಾದಿ ಜೊತೆ ಇದೇ ಯು.ಎಸ್. ಓಪನ್ ಮಿಕ್ಸ್‌ಡ್‌ನಲ್ಲಿ ಸೆಮಿಫೈನಲ್‌ವರೆಗೆ ಹೋಗಿದ್ದರು. ಮರುವರ್ಷ ಸಿಂಗಲ್ಸ್ ರ‍್ಯಾಂಕಿಂಗ್ ಕೇಳಿದಾಗ ಅಂಥವರಿಗೆ ಬಾಗಿಲೇ ಮುಚ್ಚಿತು, ಯಾಕೆಂದರೆ ಅವರು ಸಿಂಗಲ್ಸ್ ಬಿಟ್ಟು ಎಷ್ಟೋ ವರ್ಷ ಆಗಿದೆ. ಅದೇ 2025ರ ಯು.ಎಸ್. ಓಪನ್‌ನಲ್ಲಿ ನಮ್ಮ ಯೂಕಿ ಭಾಂಬ್ರಿ ಪುರುಷರ ಡಬಲ್ಸ್‌ನಲ್ಲಿ ಸೆಮಿಫೈನಲ್ ತಲುಪಿದರು. ಅಂಥ ಆಟಗಾರನಿಗೂ ಮಿಕ್ಸ್‌ಡ್‌ನಲ್ಲಿ ದಾರಿ ಇರಲಿಲ್ಲ. 32 ಜೋಡಿ ಇದ್ದಾಗ 64 ಜನ ಆಡುತ್ತಿದ್ದರು, ಮೊದಲ ಸುತ್ತಿನಲ್ಲಿ ಸೋತರೂ ಒಂದಿಷ್ಟು ಹಣ ಬರುತ್ತಿತ್ತು. ಸ್ವಂತ ಖರ್ಚಿನಲ್ಲಿ ಕೋಚ್ ಕರೆದುಕೊಂಡು ದೇಶ ದೇಶ ಸುತ್ತುವ ಡಬಲ್ಸ್ ಆಟಗಾರರಿಗೆ ಆ ಹಣ ದೊಡ್ಡದು. ಈಗ ಬಹುಮಾನ ಐದು ಪಟ್ಟು ಹೆಚ್ಚಾಯಿತು, ನಿಜ, ಆದರೆ ಅದನ್ನು ಇಟ್ಟಿದ್ದು ಬಹುಪಾಲು ಸಿಂಗಲ್ಸ್‌ನಲ್ಲಿ ಆಗಲೇ ಕೋಟಿಗಟ್ಟಲೆ ಗಳಿಸುವವರ ಮುಂದೆ.

ಮೈದಾನ ತುಂಬಿತ್ತಲ್ಲಾ ಅಂತ ಕೆಲವರು ಹೇಳುತ್ತಾರೆ. ತುಂಬಿತ್ತು, ಸುಳ್ಳಲ್ಲ. ಆರ್ಥರ್ ಆಶ್ ಸ್ಟೇಡಿಯಂನಲ್ಲಿ ಮಿಕ್ಸ್‌ಡ್ ಡಬಲ್ಸ್‌ಗೆ ಅಷ್ಟು ಜನ ಕೂತಿದ್ದು ನೋಡಿ ನನಗೂ ಖುಷಿಯಾಯಿತು. ಮುಂಚೆ ಎಷ್ಟೋ ಮಿಕ್ಸ್‌ಡ್ ಪಂದ್ಯಗಳನ್ನು ಯಾವುದೋ ಹೊರಗಿನ ಕೋರ್ಟ್‌ನಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡಿಸುತ್ತಿದ್ದರು. ಆದರೆ ಅದಕ್ಕೆ ಆಟಗಾರರು ಕಾರಣವಾ? ದೊಡ್ಡ ಕೋರ್ಟ್ ಕೊಟ್ಟು, ಸಂಜೆಯ ಹೊತ್ತು ಕೊಟ್ಟು, ಪ್ರಚಾರ ಮಾಡಿದರೆ ಜನ ಬರುತ್ತಾರೆ ಅಂತ ಈಗ ಗೊತ್ತಾಯಿತಲ್ಲ. ಹಾಗಾದರೆ ಅದೇ ಕೋರ್ಟ್, ಅದೇ ಹಣ, ಅದೇ ಪ್ರಚಾರವನ್ನು 32 ಜೋಡಿಯ ಪೂರ್ಣ ಟೂರ್ನಿಗೆ ಕೊಡಿ. ಸಿಂಗಲ್ಸ್ ತಾರೆಗಳು ಬರಲಿ, ಬೇಡ ಅಂದವರು ಯಾರು? ನಾಲ್ಕೈದು ವೈಲ್ಡ್ ಕಾರ್ಡ್ ಅವರಿಗೇ ಇಡಿ. ಉಳಿದ ಜಾಗ ಡಬಲ್ಸ್ ರ‍್ಯಾಂಕಿಂಗ್‌ನಲ್ಲಿ ಮೇಲಿರುವವರಿಗೆ ಹೋಗಲಿ. ಸೆಟ್‌ಗೆ ಆರು ಗೇಮ್ ಇರಲಿ. ಅಲ್ಕರಾಜ್ ಎದುರಿಗೆ ಎರಾನಿ ನಿಂತಾಗ ಏನಾಗುತ್ತದೆ ಅಂತ ಜನ ಪೂರ್ತಿ ನೋಡಲಿ.

2023ರ ಆಸ್ಟ್ರೇಲಿಯನ್ ಓಪನ್ ನಿಮಗೆ ನೆನಪಿರಬಹುದು. ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಮಿಕ್ಸ್‌ಡ್ ಡಬಲ್ಸ್ ಫೈನಲ್ ಆಡಿದರು, ಜೊತೆಗೆ ಬೋಪಣ್ಣ. ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ ಮತ್ತು ರಫೇಲ್ ಮಾಟೊಸ್ ಎದುರು ಸೋತರು. ಆಮೇಲೆ ರಾಡ್ ಲೇವರ್ ಅಂಗಳದಲ್ಲಿ ನಿಂತು, 14ನೇ ವಯಸ್ಸಿನಲ್ಲಿ ತನ್ನ ಮೊದಲ ಮಿಕ್ಸ್‌ಡ್ ಜೊತೆಗಾರ ರೋಹನ್ ಅವರೇ, ಆಗ ಇಬ್ಬರೂ ಸೇರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದೆವು ಅಂತ ಸಾನಿಯಾ ಹೇಳಿದರು. ಹೈದರಾಬಾದಿನಲ್ಲಿ ಬೆಳೆದ ಹುಡುಗಿ, ಕೊಡಗಿನಲ್ಲಿ ಬೆಳೆದ ಹುಡುಗ, ಎರಡು ದಶಕ ಕಳೆದ ಮೇಲೆ ಮತ್ತೆ ಒಂದೇ ಕಡೆ ನಿಂತು ಗ್ರ್ಯಾಂಡ್ ಸ್ಲಾಮ್ ಫೈನಲ್ ಆಡಿದರು ಅಂದರೆ ಅದಕ್ಕೆ ಜಾಗ ಕೊಟ್ಟಿದ್ದು ಮಿಕ್ಸ್‌ಡ್ ಡಬಲ್ಸ್. ಅಲ್ಲಿ ಯಾರೂ ಅವರಿಬ್ಬರ ಸಿಂಗಲ್ಸ್ ರ‍್ಯಾಂಕಿಂಗ್ ಕೇಳಲಿಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕೋರ್ಟ್‌ಗಳಲ್ಲಿ, ಮೈಸೂರಿನಲ್ಲಿ, ಧಾರವಾಡದಲ್ಲಿ ಟೆನಿಸ್ ಕಲಿಯುವ ಮಕ್ಕಳಿದ್ದಾರೆ. ಅವರಲ್ಲಿ ಎಷ್ಟು ಜನ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೆ ಹೋಗುತ್ತಾರೆ? ತುಂಬಾ ಕಷ್ಟ. ಆದರೆ ಒಳ್ಳೆಯ ಡಬಲ್ಸ್ ಆಟಗಾರ, ಆಟಗಾರ್ತಿ ಆಗುವ ದಾರಿ ನಮ್ಮವರು ಆಗಲೇ ತೋರಿಸಿದ ದಾರಿ. ಅದರಲ್ಲಿ ಮರ್ಯಾದೆಯೂ ಇದೆ, ಬದುಕೂ ಇದೆ ಅಂತ ಆ ಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ಗೊತ್ತಾಗಬೇಕಾದರೆ ಪತ್ರಿಕೆಯಲ್ಲಿ ಅದು ಕಾಣಿಸಬೇಕು.

ಯು.ಎಸ್. ಟೆನಿಸ್ ಸಂಸ್ಥೆಗೆ ನಾನು ಬರೆದರೆ ಯಾರು ಓದುತ್ತಾರೋ ಗೊತ್ತಿಲ್ಲ, ನಿಮಗೆ ಬರೆದರೆ ನೀವು ಓದುತ್ತೀರಿ, ಅದಕ್ಕೇ ಈ ಪತ್ರ. ಮುಂದಿನ ಗ್ರ್ಯಾಂಡ್ ಸ್ಲಾಮ್‌ನಿಂದಲೇ ಮಿಕ್ಸ್‌ಡ್ ಡಬಲ್ಸ್ ಫಲಿತಾಂಶವನ್ನು ಕ್ವಾರ್ಟರ್ ಫೈನಲ್‌ನಿಂದ ದಿನಾ ಹಾಕಿ, ಗೆದ್ದ ಇಬ್ಬರ ಹೆಸರನ್ನೂ ಹಾಕಿ, ಭಾರತದವರು ಆಡದಿದ್ದರೂ ಹಾಕಿ. ಯು.ಎಸ್. ಓಪನ್ ಶುರುವಾಗುವ ಮುಂಚೆ ಅಲ್ಲಿನ ಪದ್ಧತಿ ಬಗ್ಗೆ ಒಂದು ಪೂರ್ತಿ ಲೇಖನ ಬರಲಿ, ಸಾಧ್ಯವಾದರೆ ಬೋಪಣ್ಣನವರನ್ನೇ ಮಾತಾಡಿಸಿ ಬರೆಯಿರಿ, ಅವರು ಬೆಂಗಳೂರಿನಲ್ಲೇ ಅಕಾಡೆಮಿ ನಡೆಸುತ್ತಾರೆ. ಜಾಗ ಸಾಲದಿದ್ದರೆ ಆ ದಿನ ತಾರೆಗಳ ಫೋಟೊ ಒಂದನ್ನು ಚಿಕ್ಕದು ಮಾಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮೈಸೂರು