ಪುಟ್ಟಿಗೆ, ಸಂಬಳದ ಚೀಟಿ ನೋಡಿದ ಮೇಲೆ

ತೀರ್ಥಹಳ್ಳಿ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಸಂಜೆ ನೀನು ಶಿವಮೊಗ್ಗದ ಬಸ್ ಹತ್ತಿದ ಮೇಲೆ ಮನೆಯಲ್ಲಿ ಸುಮ್ನೆ ಕೂರಲು ಆಗಲಿಲ್ಲ. ಮಧ್ಯಾಹ್ನ ಕಡುಬಿನ ತಟ್ಟೆ ಮುಂದಿಟ್ಟುಕೊಂಡೇ ನೀನು ಮೂರು ಸಲ ಆಫೀಸಿನ ಫೋನ್ ಎತ್ತಿದೆ. "ನಾಳೆ ಎರಡು ಲಾಗಿನ್ ಕೊಡ್ತೀನಿ ಸರ್" ಅಂತ, ಅಂದರೆ ಎರಡು ಸಾಲದ ಅರ್ಜಿ ಹಾಕಿಸುತ್ತೇನೆ ಅಂತ, ಹೇಳುವಾಗ ನಿನ್ನ ದನಿಯೇ ಬೇರೆ ಆಗಿತ್ತು. ವಾರಕ್ಕೊಂದು ದಿನ ರಜೆ ಕೊಡಬೇಕೆಂದು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲೇ ಇದೆ. ಆ ಒಂದು ದಿನವಾದರೂ ನೀನು ನೆಮ್ಮದಿಯಾಗಿ ಉಣ್ಣಬೇಕು ಅಲ್ವಾ?

ನಿನ್ನ ಸಂಬಳದ ಚೀಟಿಯನ್ನು ಎರಡು ಸಲ ಲೆಕ್ಕ ಹಾಕಿದೆ. ಜನರಿಗೆ ಹೋಮ್ ಲೋನ್ ಮಾಡಿಸಿಕೊಡುವ ಈ ಕೆಲಸಕ್ಕೆ ಸೇರುವಾಗ ಹೇಳಿದ್ದು 22,000. ಅದು ಸಿಟಿಸಿ, ಅಂದರೆ ಕಂಪನಿಗೆ ನಿನ್ನ ಮೇಲೆ ಬೀಳುವ ಒಟ್ಟು ಖರ್ಚು. ಮೂಲ ವೇತನ 15,000ಕ್ಕೆ ನಿನ್ನ ಪಾಲಿನ ಪಿಎಫ್ 12 ಪರ್ಸೆಂಟ್, ಅಂದರೆ 1,800. ಕಂಪನಿ ಕಟ್ಟುವ 1,800 ಕೂಡ ಆ 22,000ದ ಒಳಗೇ ಇದೆ. ಇಎಸ್‌ಐ ಅನ್ನುವ ಆರೋಗ್ಯ ವಿಮೆಯ ಕಂತೂ ಹಾಗೇ. ಕೈಗೆ ಬರುವುದು 17,600. ಸಾಗರ, ಹೊಸನಗರ ಅಂತ ಸ್ಕೂಟಿ ಓಡಿಸುವ ಪೆಟ್ರೋಲಿಗೇ ತಿಂಗಳಿಗೆ 3,500, ಅದೂ ನಿನ್ನ ಕೈಯಿಂದ. ವಿನೋಬನಗರದ ರೂಮಿನ ಬಾಡಿಗೆ ಕೊಟ್ಟ ಮೇಲೆ ಏನುಳಿಯಿತು?

ಉಳಿದದ್ದೆಲ್ಲ ಇನ್ಸೆಂಟಿವ್‌ನಲ್ಲಿ ಬರುತ್ತದೆ ಎಂದಿದ್ದರು. ನನಗೆ ಸಂಕಟ ಆಗುವುದೇ ಇಲ್ಲಿ. ಲಾಗಿನ್ ಆದರೆ ಲೆಕ್ಕವಿಲ್ಲ, ಸ್ಯಾಂಕ್ಷನ್ ಅಂದರೆ ಸಾಲ ಮಂಜೂರು ಆದರೂ ಇಲ್ಲ, ಸಾಲದ ಹಣ ಬಿಡುಗಡೆಯಾದರೆ ಮಾತ್ರ. ನಮ್ಮ ಮಲೆನಾಡಲ್ಲಿ ಎಷ್ಟೋ ಮನೆಗಳು ಬಗರ್‌ಹುಕುಂ ಜಾಗದಲ್ಲಿ, ಅಂದರೆ ಮಂಜೂರಾಗದ ಸರ್ಕಾರಿ ಜಾಗದಲ್ಲಿ, ಇವೆ. ಹಕ್ಕುಪತ್ರ ಇಲ್ಲ, ಪಂಚಾಯ್ತಿ ಕೊಡುವ ಆಸ್ತಿ ದಾಖಲೆಗಳಾದ ನಮೂನೆ 9, 11 ಇಲ್ಲ. ಹೊಸನಗರದ ಆ ಫೈಲಿಗಾಗಿ ನೀನು ಮಳೆಯಲ್ಲಿ ನಾಲ್ಕು ಸಲ ಹೋಗಿಬಂದೆ. ಕೊನೆಗೆ ವಕೀಲರ ಲೀಗಲ್ ರಿಪೋರ್ಟಿನಲ್ಲಿ ಬಿದ್ದುಹೋಯಿತು. ನಾಲ್ಕು ದಿನದ ದುಡಿಮೆಗೆ ಒಂದು ರೂಪಾಯಿ ಇಲ್ಲ. ಅದಕ್ಕೆ ನಿನ್ನನ್ನು ನೀನೇ ಬೈದುಕೊಳ್ಳುತ್ತಿದ್ದೆ. ಜಾಗದ ಕಾಗದ ಸರಿಯಿಲ್ಲದಿದ್ದರೆ ಯಾರು ಹೋದರೂ ಆ ಸಾಲ ಆಗುತ್ತಿರಲಿಲ್ಲ ಪುಟ್ಟಿ.

ನಾನೂ ಹದಿನೆಂಟು ವರ್ಷ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯದ ಹಣ, ಕಟ್ಟಿಸಿಕೊಳ್ಳುತ್ತಾ ಅಂಗಡಿ ಅಂಗಡಿ ತಿರುಗಿದವನು. ನೂರಕ್ಕೆ ಮೂರು ರೂಪಾಯಿ ಕಮಿಷನ್. ಜ್ವರ ಬಂದ ದಿನ ಅದೂ ಇಲ್ಲ. ಬ್ಯಾಂಕುಗಳ ಪಿಗ್ಮಿ ಕಲೆಕ್ಟರುಗಳೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಅದನ್ನೇ ಹಿಡಿದುಕೊಂಡು ನಮ್ಮ ಸೊಸೈಟಿಯಲ್ಲಿ ಕೇಳಿದೆ. "ನೀವು ಏಜೆಂಟರು, ನೌಕರರಲ್ಲ" ಅಂದರು. ತೋರಿಸಲು ನನ್ನ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಇನ್ಸೆಂಟಿವ್ ಎಷ್ಟು, ಯಾವ ತಿಂಗಳು ಕೊಡುತ್ತಾರೆ ಅಂತ ಮೇಲ್‌ನಲ್ಲಿ ಕೇಳು. ಫೋನಲ್ಲಿ ಬೇಡ. ನಿನ್ನ ಆಫರ್ ಲೆಟರ್ ಕೊಟ್ಟಿರುವುದು ಏಜೆನ್ಸಿ. ಹಾಗಾಗಿ ಅವರು ಪಿಎಫ್ ನಿಜಕ್ಕೂ ಕಟ್ಟಿದ್ದಾರಾ ಅಂತ ನಿನ್ನ ಪಿಎಫ್ ನಂಬರ್ ಆದ ಯುಎಎನ್ ಹಾಕಿ ಪಾಸ್‌ಬುಕ್ ನೋಡು.

ಅಡಿಕೆ ಆದಾಯ ಜಾಸ್ತಿ ತೋರಿಸಿ ಫೈಲ್ ಪಾಸ್ ಮಾಡಿಸು ಎಂದು ಮ್ಯಾನೇಜರ್ ಹೇಳಿದರು ಅಂದೆಯಲ್ಲ, ಅದನ್ನು ಮಾತ್ರ ಮಾಡಬೇಡ. ಕೊಳೆ ರೋಗ ಬಂದ ವರ್ಷ ಆ ಮನೆಯವರು ಕಂತಿಗೆ ದುಡ್ಡು ಎಲ್ಲಿಂದ ತರುತ್ತಾರೆ? ಫೈಲಿನಲ್ಲಿರುವುದು ನಿನ್ನ ಸಹಿ. ಇದಕ್ಕಾಗಿ ಕೆಲಸ ಹೋದರೆ ಹೋಗಲಿ, ಮನೆ ಇದೆ, ನಾವಿದ್ದೇವೆ.

ಪೆಟ್ರೋಲ್ ಬಿಲ್ಲುಗಳನ್ನು ಎಸೆಯಬೇಡ. ಮುಂದಿನ ಶನಿವಾರ ಬರುವಾಗ ಮೂರು ತಿಂಗಳ ಚೀಟಿ, ಆಫರ್ ಲೆಟರ್ ಎಲ್ಲ ತಗೊಂಡು ಬಾ. ಇಬ್ಬರೂ ಕೂತು ಆ ಮೇಲ್ ಬರೆಯೋಣ. ಮಳೆ ಜೋರಿದ್ದರೆ ಸ್ಕೂಟಿ ಬೇಡ, ಬಸ್ಸಲ್ಲೇ ಬಾ.

ನಿನ್ನ
ಅಪ್ಪಯ್ಯ