ಖಾಲಿ ಡ್ರಾಪ್‌ಡೌನ್: ತಪ್ಪು ನೆಟ್‌ವರ್ಕಿನದ್ದಲ್ಲ

ಮಾನ್ಯ ಸಂಪಾದಕರೇ,

ಆನ್‌ಲೈನ್ ಅರ್ಜಿಯಲ್ಲಿ ದೇಶ ಆರಿಸಿದ ಮೇಲೂ ನಗರದ ಡ್ರಾಪ್‌ಡೌನ್ ಖಾಲಿ ಇದ್ದರೆ ‘ನಿಮ್ಮ ನೆಟ್‌ವರ್ಕ್ ಸರಿಯಿಲ್ಲ’ ಎಂದು ಜಾರಿಕೊಳ್ಳುವುದು ರೂಢಿ. ಎಷ್ಟೋ ಸಲ ತಪ್ಪು ಕೋಡಿನದೇ. ಪಟ್ಟಿ ಕೊಡಬೇಕಾದ ಎಪಿಐ (ಸರ್ವರಿನ ಸೇವೆ) 404 (ಸಿಗಲಿಲ್ಲ) ಅಥವಾ 500 (ಸರ್ವರ್ ದೋಷ) ಎಂಬ ಸ್ಟೇಟಸ್ ಕೋಡ್ ಕೊಟ್ಟರೂ, ಪಟ್ಟಿ ತರಿಸುವ ಜಾವಾಸ್ಕ್ರಿಪ್ಟಿನ ಫೆಚ್ ಅದನ್ನು ಎರರ್ ಎಂದು ಪರಿಗಣಿಸುವುದಿಲ್ಲ. ಆ ಕೋಡನ್ನು ನಾವೇ ನೋಡಬೇಕು.

ಇದಕ್ಕಿಂತ ಕೆಟ್ಟದ್ದೂ ಇದೆ. ದೇಶವನ್ನು ಬೇಗಬೇಗ ಬದಲಿಸಿದರೆ ಸರ್ವರಿಗೆ ಹೋದ ಮೊದಲ ರಿಕ್ವೆಸ್ಟಿನ ಉತ್ತರ ತಡವಾಗಿ ಬಂದು ಎರಡನೆಯದರ ಉತ್ತರದ ಮೇಲೆ ಕೂರಬಹುದು. ಮೇಲೆ ನೇಪಾಳ, ಕೆಳಗೆ ಜಪಾನಿನ ನಗರಗಳು! ಹಳೆಯ ರಿಕ್ವೆಸ್ಟನ್ನು ಬ್ರೌಸರಿನ ರದ್ದತಿ ಸಾಧನವಾದ ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ, ಹಳೆಯ ಆಯ್ಕೆಗಳನ್ನು ಅಳಿಸಿ, ಹೊಸ ಪಟ್ಟಿ ಬರುವವರೆಗೆ ಡ್ರಾಪ್‌ಡೌನನ್ನು ಡಿಸೇಬಲ್ ಮಾಡಿಡಬೇಕು. ಆಯ್ಕೆಯ ವ್ಯಾಲ್ಯೂ (ಸರ್ವರಿಗೆ ಹೋಗುವ ಮೌಲ್ಯ) ನಗರದ ಹೆಸರಲ್ಲ, ಅದರ ಐಡಿ ಆಗಿರಲಿ. ಪಟ್ಟಿ ಬಾರದಿದ್ದರೆ ‘ಮತ್ತೆ ಪ್ರಯತ್ನಿಸಿ’ ಬಟನ್ ಕೊಡಿ. ಪುಟ ರಿಫ್ರೆಶ್ ಮಾಡಿಸಿ ತುಂಬಿದ್ದನ್ನೆಲ್ಲ ಅಳಿಸಬೇಡಿ.

– ಒಬ್ಬ ವೆಬ್ ಡೆವಲಪರ್