ತಸ್ಬೀಹ್ ಆ್ಯಪ್ ಬಗ್ಗೆ ಕೇಳಿದ್ದೆಯಲ್ಲ

ಪ್ರೀತಿಯ ಮೋನು,

ಅಸ್ಸಲಾಮು ಅಲೈಕುಂ.

ನಿನ್ನ ಮೆಸೇಜ್ ನೋಡಿದೆ. ಫೋನಿನಲ್ಲಿ ಒತ್ತುತ್ತಾ ಕೂತರೆ ನನಗೆ ಅರ್ಧ ದಿನ ಬೇಕು, ಅದಕ್ಕೇ ಕಾಗದ. ಒಣಸೀಗಡಿ ಚಟ್ನಿಯ ಜೊತೆ ರಾತ್ರಿ ಬಸ್ಸಿಗೆ ಕೊಡುತ್ತೇನೆ.

"ಮಾಮ, ಆ್ಯಪ್‌ನಲ್ಲಿ ದಿನಾ ನೂರು ತಸ್ಬೀಹ್ ಒತ್ತುತ್ತೇನೆ, ಮನಸ್ಸು ಮಾತ್ರ ಆಫೀಸಿನಲ್ಲೇ ಇರುತ್ತದೆ" ಎಂದು ಬರೆದಿದ್ದೀಯ. ಅಲ್ಲಾಹನ ಸ್ತುತಿ ಎಣಿಸಲು ಆ್ಯಪ್ ತಪ್ಪೇನಲ್ಲ ಬಿಡು. ನಾನು ಮಣಿ ಎಣಿಸುವಾಗಲೂ ಎಷ್ಟೋ ಸಲ ತಲೆಯಲ್ಲಿ ಓಡುತ್ತಿದ್ದದ್ದು ಅಂಗಡಿಯ ಸಾಲದ ಲೆಕ್ಕ.

ದಿಕ್ರ್, ಅಲ್ಲಾಹನ ಸ್ಮರಣೆ, ಅಂದರೆ ಏನು ಅಂತ ನನಗೆ ಗೊತ್ತಾದದ್ದು ನಿನ್ನ ಅಜ್ಜಿಯ ಮೊರದಿಂದ. ನಸುಕಿನ ಸುಬ್ಹ್ ನಮಾಝ್ ಮುಗಿಸಿ ಉಮ್ಮ ಜಗಲಿಯಲ್ಲಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟಲು ಕೂರುತ್ತಿದ್ದರು. ನೆನೆಸಿದ ಎಲೆ ಕತ್ತರಿಸುವಾಗ ಬಾಯಿ ಸುಮ್ಮನಿರುತ್ತಿತ್ತು, ಅಳತೆ ತಪ್ಪಬಾರದಲ್ಲ. ಹೊಗೆಸೊಪ್ಪು ತುಂಬಿ, ಎಲೆ ಸುರುಳಿ ಸುತ್ತಿ, ನೂಲು ಎಳೆದು ಕಟ್ಟುವಾಗ ತುಟಿ ಅಲ್ಲಾಡುತ್ತಿತ್ತು. ಒಂದು ಬೀಡಿಗೆ ಒಂದು ಸುಬ್‌ಹಾನಲ್ಲಾಹ್, ಅಲ್ಲಾಹ್ ಪರಿಶುದ್ಧನು ಅಂತ. ಬೀಡಿಗೆ ದಿಕ್ರ್ ಹೇಳಬಹುದಾ ಎಂದು ಈಗಿನ ಹುಡುಗರು ಕೇಳಬಹುದು. ಆಗ ನಮ್ಮ ಗಂಜಿ ಆ ಮೊರದಿಂದಲೇ ಬರುತ್ತಿತ್ತು, ಉಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಒಂದು ಮಳೆಗಾಲ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡಲು ಹೋದೆವು. ನಾನಾಗ ಆರನೇ ಕ್ಲಾಸು. ಬೀಡಿ ನೋಡುವವನು ಎರಡು ಕಟ್ಟು ಪಕ್ಕಕ್ಕೆ ಎಸೆದ, ಸರಿಯಿಲ್ಲವಂತೆ. ಉಮ್ಮ ಒಂದೊಂದೇ ಬೀಡಿ ಎತ್ತಿ "ಇದರಲ್ಲಿ ಏನು ಸರಿಯಿಲ್ಲ, ತೋರಿಸಿ" ಎಂದು ನಿಂತರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಕೊನೆಗೆ ಒಂದು ಕಟ್ಟು ಒಪ್ಪಿಕೊಂಡ. ದುಡ್ಡು ಸೆರಗಿಗೆ ಗಂಟು ಹಾಕಿಕೊಂಡು ಉಮ್ಮ "ಅಲ್‌ಹಂದುಲಿಲ್ಲಾಹ್" ಅಂದರು, ಸ್ತುತಿಯೆಲ್ಲ ಅಲ್ಲಾಹನಿಗೆ ಅಂತ. ನನಗೆ ಸಿಟ್ಟು ಬಂತು. ಒಂದು ಕಟ್ಟು ಹೋಯಿತಲ್ಲ, ಅದಕ್ಕೂ ಶುಕ್ರಾ, ಕೃತಜ್ಞತೆಯಾ ಎಂದೆ. "ಶುಕ್ರ್ ಅಲ್ಲಾಹನಿಗೆ, ಲೆಕ್ಕ ಆ ಬೀಡಿ ನೋಡುವವನಿಗೆ. ಎರಡೂ ಬೇರೆ" ಎಂದು ಕೊಡೆ ಬಿಡಿಸಿದರು.

ನಿನ್ನ ಆಫೀಸಿನಲ್ಲಿ ಇನ್‌ಕ್ರಿಮೆಂಟ್ ಕೊಡದೆ ಸತಾಯಿಸುತ್ತಿದ್ದಾರೆ ಅಂದೆಯಲ್ಲ, ಅದಕ್ಕೇ ಇದನ್ನು ಹೇಳಿದೆ. ಕೇಳುವುದನ್ನು ಕೇಳು. ಶುಕ್ರ್ ಮಾಡುವವನು ಬಾಯಿ ಮುಚ್ಚಿಕೊಂಡಿರಬೇಕು ಅಂತ ಯಾರು ಹೇಳಿದ್ದು?

ಪ್ರವಾದಿ(ಸ)ಯವರ ಮಗಳು ಫಾತಿಮಾ(ರ) ಕೂಡ ಕೇಳಿದ್ದರು. ಬೀಸುವ ಕಲ್ಲು ತಿರುಗಿಸಿ ಕೈ ದಡ್ಡುಗಟ್ಟಿತ್ತು, ಕೆಲಸಕ್ಕೆ ಒಬ್ಬರು ಬೇಕು ಎಂದು ತಂದೆಯ ಮನೆಗೆ ಹೋದರು. ತಂದೆ ಸಿಗಲಿಲ್ಲ. ವಿಷಯ ತಿಳಿದು ಅವರೇ ರಾತ್ರಿ ಮಗಳ ಮನೆಗೆ ಬಂದರು. ಫಾತಿಮಾ, ಗಂಡ ಅಲಿ(ರ) ಇಬ್ಬರೂ ಮಲಗಿಯಾಗಿತ್ತು. ಏಳಬೇಡಿ ಎಂದು ನಡುವೆ ಕೂತು, ಆಳಿಗಿಂತ ಒಳ್ಳೆಯದನ್ನು ಹೇಳುತ್ತೇನೆ ಎಂದರು. ಮಲಗುವಾಗ 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಂದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್. ನೀನು ಒತ್ತುವ ನೂರು ಇದೇ. ದಣಿದ ಕೈಗೆ ಸಿಕ್ಕಿದ ನೂರು ಅದು. ಅಲಿ ಆಮೇಲೆ ಅದನ್ನು ಒಂದು ರಾತ್ರಿಯೂ ಬಿಡಲಿಲ್ಲ. ಅವರೇ ಹೋರಾಡಿದ ಸಿಫ್ಫೀನ್ ಯುದ್ಧದ ರಾತ್ರಿಯೂ ಬಿಡಲಿಲ್ಲವಾ ಎಂದು ಕೇಳಿದವರಿಗೆ, ಆ ರಾತ್ರಿಯೂ ಬಿಡಲಿಲ್ಲ ಎಂದಿದ್ದರು. ಯುದ್ಧದ ನಡುವೆ ಅವರ ಮನಸ್ಸು ಪೂರ್ತಿ ನೆಟ್ಟಗಿತ್ತಾ? ಗೊತ್ತಿಲ್ಲ. ಬಿಡಲಿಲ್ಲ, ಅಷ್ಟೇ.

ಮನಸ್ಸು ಬರಲಿ, ಆಮೇಲೆ ಹೇಳುತ್ತೇನೆ ಎಂದು ಕಾಯಬೇಡ. ಕೈಯಲ್ಲಿ ಇರುವ ಕೆಲಸಕ್ಕೆ ದಿಕ್ರ್ ಕಟ್ಟಿಬಿಡು. ನಿಮ್ಮಲ್ಲಿ ಟ್ಯಾಂಕರ್ ನೀರು ಅಲ್ವಾ? ನಮಾಝಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ವುಝೂ ಮಾಡುವಾಗ ನಲ್ಲಿ ಓಡಿಸಬೇಡ, ಮಗ್‌ನಲ್ಲಿ ನೀರು ಹಿಡಿದುಕೋ. ಪ್ರವಾದಿಯವರ ವುಝೂವಿಗೆ ಒಂದು ಮುದ್ದ್ ಸಾಕಾಗುತ್ತಿತ್ತು, ಒಂದು ಲೀಟರಿಗೂ ಕಡಿಮೆ. ಇಲ್ಲಿ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಕುಮಾರಧಾರಾ ಎರಡೂ ಹರಿಯುವುದನ್ನು ನೋಡಿ ಬೆಳೆದ ನಮಗೆ ನೀರಿನ ಶುಕ್ರ್ ಬಾಯಿಮಾತಾಗಿತ್ತು. ನಿನಗೆ ಮಗ್ ಕಲಿಸುತ್ತದೆ.

ಇನ್ನೊಂದು. ಐದು ಹೊತ್ತಿನ ಫರ್ಝ್, ಅಂದರೆ ಕಡ್ಡಾಯ ನಮಾಝ್, ಸೇರಿ 17 ರಕಅತ್, 17 ಸುತ್ತು. ಹದಿನೇಳು ಸಲವೂ ಬಿಸ್ಮಿ ಆದ ಮೇಲೆ ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾದ ಮೊದಲ ಮಾತು ಅಲ್‌ಹಂದು. ಹದಿನೇಳರಲ್ಲಿ ಒಂದೇ ಒಂದು ಸಲ ಅಲ್ಲಿ ತಡೆದು, ಅವತ್ತು ಸಿಕ್ಕಿದ ಒಂದು ವಸ್ತು ನೆನೆಸಿಕೋ. ದೊಡ್ಡದು ಬೇಡ. ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ಳದೆ ಬಸ್ ಮುಂದೆ ಹೋಯಿತಲ್ಲ, ಅದು ಸಾಕು.

ಗೆಳೆಯರು ಫ್ಲ್ಯಾಟ್ ತೆಗೆದುಕೊಂಡದ್ದು ಚುಚ್ಚುತ್ತದೆ ಅಂದೆ. ನಿಮಗಿಂತ ಕೆಳಗಿರುವವರನ್ನು ನೋಡಿ ಎಂಬ ಹದೀಸ್, ಪ್ರವಾದಿಯವರ ಮಾತು, ನೀನೂ ಮದ್ರಸದಲ್ಲಿ ಕೇಳಿದ್ದೀಯ. ಅದನ್ನು ಹಲವರು ತಪ್ಪಾಗಿ ಹಿಡಿಯುತ್ತಾರೆ ಎಂದು ನನ್ನ ಅನಿಸಿಕೆ. ಕಟ್ಟಡದ ಕೆಲಸದವನನ್ನು ನೋಡಿ "ಸದ್ಯ, ನಾನು ಹಾಗಿಲ್ಲ" ಅನ್ನುವುದು ಶುಕ್ರ್ ಅಲ್ಲ. ನೋಡಿದ ಮೇಲೆ ನಿನ್ನ ಕೈ ಜೇಬಿಗೆ ಹೋಗಬೇಕು, ಇಲ್ಲವೇ ಬಾಯಿಗೆ ಸಲಾಂ ಬರಬೇಕು. ಜನರಿಗೆ ಕೃತಜ್ಞನಲ್ಲದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂದೂ ಪ್ರವಾದಿ ಹೇಳಿದ್ದಾರಲ್ಲ.

ಕಳೆದ ಸಲ ನಾನು ಬಂದಾಗ ನಡುರಾತ್ರಿ ಗೇಟು ತೆಗೆದ ವಾಚ್‌ಮನ್ ನೆನಪಿದೆಯಾ? ನನ್ನ ಚೀಲವನ್ನು ಲಿಫ್ಟಿನವರೆಗೆ ಹೊತ್ತು ತಂದ. ಹೆಸರೇನು ಎಂದು ಕೇಳಿದರೆ ನಿನಗೆ ಗೊತ್ತಿರಲಿಲ್ಲ, ಎರಡು ವರ್ಷದಿಂದ ಅಲ್ಲೇ ಇದ್ದೀಯ. ಚಟ್ನಿ ಎರಡು ಡಬ್ಬಿ ಕಟ್ಟಿಸಿದ್ದೇನೆ. ಅವನು ಮೀನು ತಿನ್ನುವವನಾದರೆ ಚಿಕ್ಕದು ಅವನಿಗೆ. ಮುಂದಿನ ಸಲ ಫೋನ್ ಮಾಡಿದಾಗ ಅವನ ಹೆಸರು ಹೇಳು.

ನಿನ್ನ ಮಾಮ